ಇಳಿವಯಸ್ಸಿನಲ್ಲಿ ಸಂತೃಪ್ತಿಯ ದಿನಚರಿ

ದುಡಿಯುವ ದಿನಗಳಲ್ಲಿ ಮನುಷ್ಯನಿಗೆ ಬಿಡುವಿಲ್ಲದ ಚಿಂತೆ; ನಿವೃತ್ತಿಯ ನಂತರ ಬಿಡುವೇ ಚಿಂತೆ. ನಿನ್ನೆಯವರೆಗೆ ಹತ್ತು ಜನ ಸಲಹೆ ಕೇಳುತ್ತಿದ್ದವರನ್ನು ಇಂದು ಮನೆಯವರೂ ಕೇಳುವುದಿಲ್ಲ. ಮೊಣಕಾಲು ನೋವಿನಿಂದ ಓಡಾಟ ಕುಗ್ಗುತ್ತದೆ, ವೈದ್ಯರ ಸೂಚನೆಯಂತೆ ನಾಲಿಗೆಯ ರುಚಿಗಳು ಕಡಿಮೆಯಾಗುತ್ತವೆ. ಎಲ್ಲವೂ ಒಂದೊಂದಾಗಿ ಕೈಬಿಟ್ಟು ಹೋಗುತ್ತಿದೆ ಎಂಬ ಕೊರಗು ಅನೇಕ ಹಿರಿಯರನ್ನು ಒಳಗೊಳಗೇ ಸುಡುತ್ತದೆ.

ಕಾಲ ಕಿತ್ತುಕೊಳ್ಳುವ ಮೊದಲೇ ತಾನಾಗಿ ಬಿಡಲು ಕಲಿತವನಿಗೆ ಈ ಕೊರಗಿಲ್ಲ ಎಂಬುದು ಜೈನ ಶ್ರಾವಕಾಚಾರದ ತಿರುಳು. ಆಚಾರ್ಯ ಸಮಂತಭದ್ರರ ‘ರತ್ನಕರಂಡ ಶ್ರಾವಕಾಚಾರ’ವು ಗೃಹಸ್ಥನಿಗೆ ದೇಶಾವಕಾಶಿಕ ವ್ರತವನ್ನು ಹೇಳುತ್ತದೆ. ಇಷ್ಟು ಕಾಲ ಈ ಮನೆ, ಈ ಬೀದಿ, ಈ ಊರು, ಈ ಹೊಲ ಅಥವಾ ನದಿಯ ಎಲ್ಲೆಯನ್ನು ಮೀರುವುದಿಲ್ಲ ಎಂದು ಸಂಕಲ್ಪಿಸುವುದೇ ಆ ವ್ರತ. ಭೋಗೋಪಭೋಗ ಪರಿಮಾಣವು ಆಹಾರದಂತೆ ಒಮ್ಮೆ ಅನುಭವಿಸುವ ಹಾಗೂ ವಸ್ತ್ರದಂತೆ ಮತ್ತೆ ಮತ್ತೆ ಬಳಸುವ ವಸ್ತುಗಳಿಗೆ ಮಿತಿ ಹಾಕಿಸುತ್ತದೆ. ಮುಪ್ಪು ತರುವ ಮಿತಿಗಳೂ ಇವೇ. ಆದರೆ ಒತ್ತಾಯದಿಂದ ಬಂದರೆ ಅದು ನಷ್ಟ. ಅರಿವಿನಿಂದ ಒಪ್ಪಿಕೊಂಡರೆ ಅದೇ ವ್ರತ. ಮನೆಯಂಗಳವನ್ನು ದಾಟಲಾಗದ ವೃದ್ಧರಿಗೂ ವ್ರತಿಗೂ ಅಂಗಳ ಒಂದೇ, ಭಾವ ಮಾತ್ರ ಬೇರೆ.

ಶ್ರಾವಕನ ಹನ್ನೊಂದು ಪ್ರತಿಮೆಗಳೂ ಇದೇ ದಾರಿಯ ಮೆಟ್ಟಿಲುಗಳು. ಎಂಟನೆಯದಾದ ಆರಂಭತ್ಯಾಗದಲ್ಲಿ ಸೇವೆ, ಕೃಷಿ, ವಾಣಿಜ್ಯಗಳನ್ನು ಬಿಡಬೇಕು. ಒಂಬತ್ತನೆಯದು ಪರಿಗ್ರಹತ್ಯಾಗ. ಹತ್ತನೆಯದು ಅನುಮತಿತ್ಯಾಗ, ಅಂದರೆ ಲೌಕಿಕ ವ್ಯವಹಾರಗಳಿಗೆ ತನ್ನ ಸಮ್ಮತಿ ನೀಡುವುದನ್ನೂ ತೊರೆಯುವುದು. ಎಲ್ಲರೂ ಈ ಪ್ರತಿಮೆಗಳನ್ನು ಧರಿಸಲಾರರು, ನಿಜ. ಆದರೂ ಮಗ ಮನೆ ಕಟ್ಟಿಸುವಾಗ ತನ್ನನ್ನು ಒಂದು ಮಾತೂ ಕೇಳಲಿಲ್ಲವೆಂದು ನೊಂದ ತಂದೆಗೆ ಅನುಮತಿತ್ಯಾಗದ ನೆನಪು ಔಷಧದಂತೆ. ಯಾರೂ ಕೇಳದಿರುವುದು ಅವಮಾನವಲ್ಲ, ಹೊರೆ ಇಳಿಸಿಕೊಳ್ಳಲು ಒದಗಿದ ಅವಕಾಶ. ಹಾಗೆಂದು ಹಿರಿಯರ ಈ ಸಮಾಧಾನ ಕಿರಿಯರ ಉದಾಸೀನಕ್ಕೆ ನೆಪವಾಗಬಾರದು. ಬಿಡುವುದು ಹಿರಿಯರ ಧರ್ಮವಾದರೆ, ಆದರಿಸುವುದು ಮಕ್ಕಳ ಧರ್ಮ.

ಬಿಟ್ಟ ಜಾಗ ಬರಿದಾಗಿ ಉಳಿಯಬಾರದು. ದೇವಪೂಜೆ, ಗುರೂಪಾಸನೆ, ಸ್ವಾಧ್ಯಾಯ, ಸಂಯಮ, ತಪಸ್ಸು, ದಾನ ಎಂಬ ಷಟ್ಕರ್ಮಗಳು ಶ್ರಾವಕನ ನಿತ್ಯದ ದಿನಚರಿ. ಒಂದು ಮುಹೂರ್ತ, ಎಂದರೆ 48 ನಿಮಿಷಗಳ ಸಾಮಾಯಿಕಕ್ಕೆ ದುಡಿಯುವ ವಯಸ್ಸಿನಲ್ಲಿ ಸಮಯ ಸಿಗುತ್ತಿರಲಿಲ್ಲ, ಈಗ ಸಿಕ್ಕಿದೆ. ಬೆಳಗಿನ ಬಸದಿ ದರ್ಶನ, ದಿನಕ್ಕೊಂದು ಪುಟದ ಶಾಸ್ತ್ರಪಠಣ, ಸೂರ್ಯಾಸ್ತಕ್ಕೆ ಮೊದಲು ಮುಗಿಯುವ ಮಿತಾಹಾರ, ಇಷ್ಟೇ ಸಾಕು, ದಿನಕ್ಕೊಂದು ಕ್ರಮ ಬರುತ್ತದೆ.

ಹವ್ಯಾಸಗಳಿಗೂ ಇಲ್ಲಿ ಎಡೆಯುಂಟು. ಅವುಗಳಿಗೆ ಅನರ್ಥದಂಡ ವ್ರತವೇ ಒರೆಗಲ್ಲು. ಪ್ರಯೋಜನವಿಲ್ಲದ ಹಿಂಸೆ, ಪರರ ಕೇಡನ್ನು ನೆನೆಯುವುದು, ಮನ ಕೆಡಿಸುವ ಮಾತುಗಳನ್ನು ಆಲಿಸುವುದು ಇವೆಲ್ಲ ಅನರ್ಥದಂಡ. ಜಗಲಿಯ ಚಾಡಿಮಾತು, ಟಿ.ವಿ.ಯ ಮುಂದಿನ ಕೊನೆಯಿಲ್ಲದ ಸಿಡಿಮಿಡಿ ಈ ಒರೆಗಲ್ಲಿನಲ್ಲಿ ನಿಲ್ಲುವುದಿಲ್ಲ. ಇರುವೆ ಹುಳುಗಳಿಗೆ ನೋವಾಗದಂತೆ ಎಚ್ಚರದಿಂದ ತುಳಸಿ ಮಲ್ಲಿಗೆಗೆ ನೀರೆರೆಯುವುದು, ಜಿನಸ್ತುತಿಯನ್ನು ಹಾಡುವುದು, ಮೊಮ್ಮಗುವಿಗೆ ಪಂಚನಮಸ್ಕಾರ ಮಂತ್ರ ಕಲಿಸುವುದು ನಿಲ್ಲುತ್ತವೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ್ದು ಕನ್ನಡನಾಡಿನ ಹೆಮ್ಮೆ. ದಿನಕ್ಕೆ ನಾಲ್ಕು ಸಾಲು ಶಾಸ್ತ್ರವನ್ನು ನೋಟುಪುಸ್ತಕದಲ್ಲಿ ನಕಲು ಮಾಡುವ ಅಜ್ಜಿಯೂ ಆ ಪರಂಪರೆಗೇ ಸೇರಿದವಳು.

ದಶಲಕ್ಷಣ ಧರ್ಮಗಳಲ್ಲಿ ಒಂದಾದ ಉತ್ತಮ ಶೌಚವೆಂದರೆ ಮೈ ತೊಳೆಯುವುದಲ್ಲ, ಲೋಭದ ಕೊಳೆ ತೊಳೆಯುವುದು. ಇನ್ನಷ್ಟು ಬೇಕೆಂಬ ಆಸೆ ತೊಳೆದು ಹೋದಾಗ ಉಳಿಯುವುದೇ ಸಂತೃಪ್ತಿ. ದಿನವೂ ಒಂದಿಷ್ಟನ್ನು ನಗುಮುಖದಿಂದ ಬಿಡುವವನಿಗೆ ಕೊನೆಯಲ್ಲಿ ದೇಹವನ್ನು ಬಿಡುವಾಗಲೂ ಅಂಜಿಕೆಯಿಲ್ಲ.