ಗಾಲಿಹಲಗೆಗೆ ತಕ್ಕ ಅಂಗಳ

ನಮ್ಮ ಹೋಟೆಲಿನಲ್ಲಿ ಅನೇಕ ವರ್ಷ ಗಲ್ಲದ ಮೇಲೆ ಕುಳಿತಿದ್ದ ಹಿರಿಯ ಮಿತ್ರರೊಬ್ಬರ ಮಗನು ಉದ್ಯೋಗಾರ್ಥವಾಗಿ ಲಂಡನ್ ನಗರದಲ್ಲಿ ನೆಲೆಸಿದ್ದಾನೆ. ಅವನ ಹನ್ನೊಂದು ವರ್ಷದ ಹುಡುಗನು, ನಾಲ್ಕು ಗಾಲಿ ಜೋಡಿಸಿದ ಸ್ಕೇಟ್‌ಬೋರ್ಡ್ ಎಂಬ ಹಲಗೆಯನ್ನು ಕೊಂಡ ಮೊದಲ ವಾರದಲ್ಲಿಯೇ ಆಳವಾದ ಸಿಮೆಂಟಿನ ಕುಳಿಯೊಂದಕ್ಕೆ ಇಳಿದು ಮಣಿಕಟ್ಟು ಮುರಿದುಕೊಂಡನು. "ಆ ಹಲಗೆಯನ್ನು ಒಲೆಗೆ ಹಾಕೆಂದು ಬರೆಯಲೇ?" ಎಂದು ಅಜ್ಜನು ನಮ್ಮನ್ನು ಕೇಳಿದರು.

ತಪ್ಪು ಹಲಗೆಯದಲ್ಲ, ಅಂಗಳದ ಆಯ್ಕೆಯದು. ಹೊಸದಾಗಿ ಕೆಲಸಕ್ಕೆ ಸೇರಿದವನನ್ನು ಮೊದಲ ದಿನವೇ ದೋಸೆಯ ಕಾವಲಿಯ ಮುಂದೆ ನಿಲ್ಲಿಸುವ ಯಜಮಾನನುಂಟೇ?

ಈ ಆಟ ಅಮೆರಿಕದ ಕ್ಯಾಲಿಫೋರ್ನಿಯದ ಕಡಲತಡಿಯಲ್ಲಿ ಹುಟ್ಟಿತು. 1970ರ ದಶಕದಲ್ಲಿ ಅಲ್ಲಿ ಬರ ಬಂದು ಈಜುಕೊಳಗಳು ಬರಿದಾದಾಗ ತರುಣರು ಅವುಗಳ ಬಾಗಿದ ಗೋಡೆಗಳ ಮೇಲೆ ಹಲಗೆ ಓಡಿಸಿದರು. ಇಂದಿನ ಅಂಗಳಗಳಲ್ಲಿ ಕಾಣುವ ಬೋಗುಣಿಯಂಥ ಕುಳಿಗಳಿಗೆ ಆ ಕೊಳಗಳೇ ಮಾದರಿ. ಬೀದಿಯ ಕಟ್ಟೆ, ಮೆಟ್ಟಿಲು, ಕಂಬಿಗಳನ್ನು ಅನುಕರಿಸಿದ ಅಂಗಳಗಳು ಇನ್ನೊಂದು ಬಗೆ. 2021ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ಸಿನಲ್ಲಿ ಈ ಆಟ ಮೊದಲ ಬಾರಿಗೆ ಸೇರಿದಾಗ ಸ್ಪರ್ಧೆಗಳೂ ಇವೆರಡೇ ಬಗೆಯವಾಗಿದ್ದವು. ಬೀದಿ ಬಗೆಯ ಮಹಿಳಾ ವಿಭಾಗದಲ್ಲಿ ಚಿನ್ನ ಗೆದ್ದ ಜಪಾನಿನ ಮೊಮಿಜಿ ನಿಶಿಯಾಳಿಗೆ ಆಗ ಕೇವಲ 13 ವರ್ಷ.

ಕಲಿಯುವವನಿಗೆ ಮೊದಲು ಬೇಕಾದುದು ನಯವಾದ ಸಮತಟ್ಟು ನೆಲ. ಹಲಗೆಯ ಮೇಲೆ ನಿಲ್ಲುವುದು, ಕಾಲಿನಿಂದ ನೂಕುವುದು, ತಿರುಗುವುದು, ಮುಖ್ಯವಾಗಿ ಬೀಳುವುದು, ಇಷ್ಟನ್ನೂ ಅಲ್ಲಿಯೇ ಕಲಿಯತಕ್ಕದ್ದು. ಅನಂತರ ಸಣ್ಣ ಇಳಿಜಾರು, ಮೊಣಕಾಲಿಗಿಂತ ತಗ್ಗಾದ ಕಟ್ಟೆ. ಪೂರ್ವ ಲಂಡನ್ನಿನ ಮೈಲ್ ಎಂಡ್‌ನ ಅಂಗಳದಲ್ಲಿ ಇಂಥ ಬೀದಿ ಬಗೆಯ ರಚನೆಗಳೇ ಹೆಚ್ಚು. ಮೂರನೆಯ ಮೆಟ್ಟಿಲು ಏರುತಗ್ಗಿನ ನೆಲ. 1978ರಲ್ಲಿ ದಕ್ಷಿಣ ಲಂಡನ್ನಿನ ಸ್ಟಾಕ್‌ವೆಲ್‌ನಲ್ಲಿ ಕಟ್ಟಿದ ಅಂಗಳವು ಅಲೆಅಲೆಯಾಗಿ ಹರಡಿದೆ. ಅಲ್ಲಿ ನೂಕದೆ, ಮೊಣಕಾಲು ಬಗ್ಗಿಸಿ ನೀಡಿಯೇ ವೇಗ ಪಡೆಯುವುದನ್ನು ಅಭ್ಯಸಿಸಬಹುದು. ಕಡಿದಾದ ಗೋಡೆಯ ಆಳದ ಕುಳಿಗಳು ಕಟ್ಟಕಡೆಗೆ, ನಿಪುಣರಿಗೆ ಮಾತ್ರ. ಹಾರ್ನ್‌ಚರ್ಚಿನಲ್ಲಿ ಅದೇ 1978ರಲ್ಲಿ ಕಟ್ಟಿದ ರೋಮ್ ಎಂಬ ಅಂಗಳದಲ್ಲಿ ಅಂಥ ಕುಳಿಗಳಿದ್ದವು. 2014ರಲ್ಲಿ ಸರಕಾರವು ಅದನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿತು. ಯೂರೋಪಿನಲ್ಲಿ ಈ ಗೌರವ ಪಡೆದ ಪ್ರಥಮ ಸ್ಕೇಟ್ ಅಂಗಳವದು.

ಎಲ್ಲಕ್ಕೂ ಹಳೆಯದೆಂದರೆ ಥೇಮ್ಸ್ ನದಿಯ ದಡದ ಸೌತ್‌ಬ್ಯಾಂಕ್. ಅದನ್ನು ಆಟಕ್ಕೆಂದು ಯಾರೂ ಕಟ್ಟಲಿಲ್ಲ. ಸಂಗೀತ ಮಂದಿರವೊಂದರ ಅಡಿಯಲ್ಲಿ ಉಳಿದ ಕಾಂಕ್ರೀಟಿನ ತಾಣವನ್ನು 1970ರ ದಶಕದಲ್ಲಿ ಹುಡುಗರೇ ಕಂಡುಕೊಂಡರು. 2013ರಲ್ಲಿ ಆ ಜಾಗವನ್ನು ಅಂಗಡಿ ಮತ್ತು ಉಪಾಹಾರಗೃಹಗಳಿಗೆ ಕೊಡುವ ಯೋಜನೆ ಹೊರಟಾಗ ತರುಣರು ಸಹಿ ಸಂಗ್ರಹಿಸಿ ಹೋರಾಡಿದರು. 2014ರಲ್ಲಿ ಒಪ್ಪಂದವಾಗಿ ಜಾಗ ಉಳಿಯಿತು. ಉಪಾಹಾರಗೃಹ ನಡೆಸಿದ ನಮಗೆ ನದಿಯ ಮುಖದ ಮಳಿಗೆಯ ಬೆಲೆ ತಿಳಿಯದೆ ಇಲ್ಲ. ಆದರೂ ಈ ಒಂದು ವಿಷಯದಲ್ಲಿ ನಾವು ಹುಡುಗರ ಪಕ್ಷವೇ. ಕಾಫಿಯನ್ನು ಇನ್ನೊಂದು ಬೀದಿಯಲ್ಲಿಯೂ ಮಾರಬಹುದು; ಕಾಸಿಲ್ಲದ ಹುಡುಗನು ಬಿದ್ದೆದ್ದು ಕಲಿಯುವ ತಾಣವು ಹೋದರೆ ಅವನು ವಾಹನಗಳ ನಡುವಿನ ಬೀದಿಗೆ ಇಳಿಯಬೇಕಾಗುತ್ತದೆ.

ಯಾವ ಊರಿನಲ್ಲಿಯೇ ಆಗಲಿ ಮಕ್ಕಳನ್ನು ಇಂಥಲ್ಲಿಗೆ ಕರೆದೊಯ್ಯುವ ತಂದೆತಾಯಿಗಳು ಮೊದಲು ಅರ್ಧ ಗಂಟೆ ಸುಮ್ಮನೆ ನಿಂತು ನೋಡಬೇಕು. ತಮ್ಮ ಮಗುವಿನ ಮಟ್ಟದವರು ಅಲ್ಲಿ ಆಡುತ್ತಿರುವರೇ? ಸರದಿಯ ಕ್ರಮವಿದೆಯೇ? ನೆಲದಲ್ಲಿ ಬಿರುಕು, ಜಲ್ಲಿ, ನೀರು ಇವೆಯೇ? ಜನಸಂದಣಿಯಿಲ್ಲದ ಬೆಳಗಿನ ಹೊತ್ತು ಹೊಸಬರಿಗೆ ಉತ್ತಮ. ಶಿರಸ್ತ್ರಾಣ, ಮಣಿಕಟ್ಟಿನ ಮತ್ತು ಮೊಣಕಾಲಿನ ರಕ್ಷೆಗಳಿಗೆ ಕೊಡುವ ಹಣವು ವೈದ್ಯರ ಬಿಲ್ಲಿಗಿಂತ ಅಗ್ಗ.

ಹಲಗೆಯನ್ನು ಒಲೆಗೆ ಹಾಕಬೇಡಿರೆಂದು ಮಿತ್ರರಿಗೆ ಹೇಳಿದೆವು. ಹುಡುಗನ ಕೈ ಗುಣವಾದ ಮೇಲೆ ಸಮತಟ್ಟು ನೆಲದಿಂದಲೇ ಪುನಃ ಪ್ರಾರಂಭಿಸಲಿ. ಕುಳಿ ಎಲ್ಲಿಯೂ ಓಡಿಹೋಗದು.