ಆರಕ್ಷರದ ಹೆಸರು, ೭೨ ಅಂಕಣಗಳ ಸಾಲು

ಫೋರ್ಟ್ರಾನ್ ಭಾಷೆಯ ಹಳೆಯ ಕ್ರಮವಿಧಿಯೊಂದನ್ನು ಓದುವ ವಿದ್ಯಾರ್ಥಿಗೆ ಕೆಲವು ನಿಯಮಗಳು ಸೋಜಿಗವನ್ನುಂಟುಮಾಡುತ್ತವೆ. ಚರದ ಹೆಸರಿನಲ್ಲಿ ಆರಕ್ಕಿಂತ ಹೆಚ್ಚು ಅಕ್ಷರಗಳಿರಕೂಡದು. ಸಾಲು ೭೨ನೆಯ ಅಂಕಣದಲ್ಲಿ ಮುಗಿಯಬೇಕು. ಆರೇ ಏಕೆ? ೭೨ ಏಕೆ? ಗಣಿತಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ೧೯೫೦ರ ದಶಕದ ಒಂದು ಯಂತ್ರದ ಒಡಲನ್ನು ನೋಡಿದರೆ ಉತ್ತರ ದೊರೆಯುತ್ತದೆ.

ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ೧೯೫೭ರಲ್ಲಿ ಹೊರತಂದ ಫೋರ್ಟ್ರಾನ್, ಐಬಿಎಂ ೭೦೪ ಎಂಬ ಗಣಕಯಂತ್ರಕ್ಕಾಗಿ ರಚಿತವಾದುದು. ಆ ಯಂತ್ರದ ಸ್ಮೃತಿಯಲ್ಲಿ ಒಂದು 'ಪದ'ಕ್ಕೆ ೩೬ ಬಿಟ್‌ಗಳು. ಒಂದು ಅಕ್ಷರಕ್ಕೆ ೬ ಬಿಟ್ ಸಾಕಾಗಿದ್ದುದರಿಂದ ಒಂದು ಪದದಲ್ಲಿ ಸರಿಯಾಗಿ ಆರು ಅಕ್ಷರಗಳು ಹಿಡಿಸುತ್ತಿದ್ದುವು. ಹೆಸರು ಒಂದೇ ಪದದಲ್ಲಿ ಅಡಗಿದರೆ ಎರಡು ಹೆಸರುಗಳನ್ನು ಒಂದೇ ಸಲಕ್ಕೆ ಹೋಲಿಸಿ ನೋಡಬಹುದಷ್ಟೆ.

ಇನ್ನು ೭೨ರ ಕಥೆ. ಕ್ರಮವಿಧಿಯನ್ನು ಆಗ ರಂಧ್ರ ಕೊರೆದ ಕಾರ್ಡುಗಳ ಮೂಲಕ ಯಂತ್ರಕ್ಕೆ ಒಪ್ಪಿಸುತ್ತಿದ್ದರು. ಕಾರ್ಡಿನಲ್ಲಿ ೮೦ ಅಂಕಣಗಳು, ೧೨ ಅಡ್ಡಸಾಲುಗಳು. ೭೦೪ರ ಕಾರ್ಡು ಓದುವ ಉಪಕರಣವು ಅಡ್ಡಸಾಲಾಗಿ ಓದುತ್ತ, ಪ್ರತಿಯೊಂದು ಸಾಲನ್ನೂ ಎರಡು ಪದಗಳಲ್ಲಿ ತುಂಬುತ್ತಿತ್ತು. ೩೬ರ ಎರಡರಷ್ಟು ೭೨. ಉಳಿದ ಎಂಟು ಅಂಕಣಗಳು ಯಂತ್ರದ ಕಣ್ಣಿಗೆ ಬೀಳಲೇ ಇಲ್ಲ. ಅಲ್ಲಿ ಜನರು ಕಾರ್ಡಿನ ಕ್ರಮಸಂಖ್ಯೆಯನ್ನು ಕೊರೆದಿಟ್ಟರು. ನೂರಾರು ಕಾರ್ಡುಗಳ ಕಟ್ಟು ಕೈಜಾರಿ ಚೆಲ್ಲಿದಾಗ ಈ ಸಂಖ್ಯೆಗಳ ಬೆಲೆ ತಿಳಿಯುತ್ತಿತ್ತು!

ಆದರೆ ಈ ನಿಯಮದಲ್ಲಿ ಒಂದು ಅಪಾಯವೂ ಅಡಗಿದೆ. ಸಾಲಿನ ಕೊನೆಯಲ್ಲಿ ೧೨೫೦೦ ಎಂದು ಬರೆದಿದ್ದು, ಅದರ ಕೊನೆಯ ಎರಡು ಸೊನ್ನೆಗಳು ೭೩, ೭೪ನೆಯ ಅಂಕಣಗಳಲ್ಲಿ ಬಿದ್ದುವೆನ್ನೋಣ. ಅನುವಾದಕ ಕ್ರಮವಿಧಿಯು ಅದನ್ನು ೧೨೫ ಎಂದೇ ಗ್ರಹಿಸುತ್ತದೆ. ವ್ಯಾಕರಣದಲ್ಲಿ ತಪ್ಪಿಲ್ಲವಾದ್ದರಿಂದ ಎಚ್ಚರಿಕೆಯ ಮಾತೂ ಬಾರದೆ ಹೋಗಬಹುದು. ಬರೆದವನ ಕಣ್ಣಿಗೆ ೧೨೫೦೦ ಸ್ಪಷ್ಟವಾಗಿಯೇ ಇದೆ. ಸೇತುವೆಯ ಭಾರವೋ ಔಷಧದ ಪ್ರಮಾಣವೋ ನೂರರಲ್ಲೊಂದು ಪಾಲಾಗಿದೆ.

ಮೂರು ದಾರಿಗಳ ಷರತ್ತುವಾಕ್ಯವೂ ಆ ಯಂತ್ರಕ್ಕೆ ಒಪ್ಪುವಂಥದೇ. ಬೆಲೆ ಋಣವಾದರೆ ಒಂದೆಡೆಗೆ, ಸೊನ್ನೆಯಾದರೆ ಮತ್ತೊಂದೆಡೆಗೆ, ಧನವಾದರೆ ಮೂರನೆಯೆಡೆಗೆ ಹೋಗು ಎಂಬುದು ಅದರ ಅರ್ಥ. ಎರಡು ಸಂಖ್ಯೆಗಳನ್ನು ಹೋಲಿಸಿ ಮೂರು ಕಡೆಗೆ ಕವಲೊಡೆಯುವ ಆದೇಶವೊಂದು ೭೦೪ರಲ್ಲಿತ್ತು.

೧೯೬೬ರಲ್ಲಿ ಅಮೆರಿಕದಲ್ಲಿ ಫೋರ್ಟ್ರಾನಿಗೆ ಪ್ರಮಾಣಕವು ಸಿದ್ಧವಾಯಿತು. ಅಷ್ಟರಲ್ಲಿ ೩೨ ಬಿಟ್ಟಿನ ಪದವುಳ್ಳ ಯಂತ್ರಗಳೂ ೬೦ ಬಿಟ್ಟಿನವೂ ಬಂದಿದ್ದುವು. ಮೊದಲನೆಯದರಲ್ಲಿ ಪದಕ್ಕೆ ನಾಲ್ಕು ಅಕ್ಷರ, ಎರಡನೆಯದರಲ್ಲಿ ಹತ್ತು; ಆರಕ್ಕೆ ಯಾವ ಆಧಾರವೂ ಇಲ್ಲ. ಆದರೂ ಪ್ರಮಾಣಕದಲ್ಲಿ ಆರು ಉಳಿಯಿತು, ೭೨ ಉಳಿಯಿತು, ಮೂರು ಕವಲುಗಳೂ ಉಳಿದುವು. ಇದನ್ನು ಮೌಢ್ಯವೆಂದು ನಾನು ಹೇಳಲಾರೆ. ಬಳಕೆಯಲ್ಲಿದ್ದ ಕ್ರಮವಿಧಿಗಳನ್ನು ಒಂದೇ ದಿನದಲ್ಲಿ ಅಸಿಂಧುವಾಗಿಸುವ ಪ್ರಮಾಣಕವನ್ನು ಯಾರು ತಾನೆ ಪಾಲಿಸಿಯಾರು? ಹೆಸರಿಗೆ ೩೧ ಅಕ್ಷರಗಳನ್ನೂ ಅಂಕಣಗಳ ಕಟ್ಟಿಲ್ಲದ ಬರವಣಿಗೆಯನ್ನೂ ಒಪ್ಪಿದುದು ಫೋರ್ಟ್ರಾನ್ ೯೦. ಮೂರು ಕವಲುಗಳ ವಾಕ್ಯವಂತೂ ಫೋರ್ಟ್ರಾನ್ ೨೦೧೮ರ ಪ್ರಮಾಣಕದಲ್ಲಿ ಕಟ್ಟಕಡೆಗೆ ತೆಗೆದುಹಾಕಲ್ಪಟ್ಟಿತು.

ಆರರ ನೆರಳು ಮಾತ್ರ ಇನ್ನೂ ಹೋಗಿಲ್ಲ. ಪೈಥಾನ್ ಭಾಷೆಯ ನಮ್‌ಪೈ ಬಳಸಿ ಏಕಕಾಲಿಕ ಸಮೀಕರಣಗಳನ್ನು ಬಿಡಿಸುವ ಕಾಲೇಜು ವಿದ್ಯಾರ್ಥಿಯು, ತನಗೆ ತಿಳಿಯದೆಯೇ, ಲ್ಯಾಪ್ಯಾಕ್ ಎಂಬ ಸಂಗ್ರಹದ 'ಡಿಜಿಇಎಸ್‌ವಿ' ಎಂಬ ಉಪಕ್ರಮವನ್ನು ಕರೆಯುತ್ತಾನೆ. 'ಡಿ' ಎಂದರೆ ಇಮ್ಮಡಿ ನಿಖರತೆ, 'ಜಿಇ' ಎಂದರೆ ಸಾಮಾನ್ಯ ಮಾತೃಕೆ, 'ಎಸ್‌ವಿ' ಎಂದರೆ ಬಿಡಿಸು. ಇಷ್ಟು ಅರ್ಥವನ್ನು ಹೀಗೆ ಹಿಂಡಿ ಇಟ್ಟುದೇಕೆಂದರೆ, ೧೯೯೨ರಲ್ಲಿ ಲ್ಯಾಪ್ಯಾಕ್ ಹೊರಬಂದಾಗ ಅದನ್ನು ಬರೆದಿದ್ದ ಫೋರ್ಟ್ರಾನ್ ೭೭ರಲ್ಲಿ ಹೆಸರಿಗೆ ಆರೇ ಅಕ್ಷರ.