ಎಸ್‌ಯುವಿಗೆ ಲಿಫ್ಟ್ ಕಿಟ್, ದೊಡ್ಡ ಟೈರ್: ಹಾಕಿಸೋ ಮುನ್ನ ಇದು ಗೊತ್ತಿರಲಿ

ಚಿಕ್ಕಮಗಳೂರು: ಮಳೆಗಾಲದಲ್ಲಿ ಎಸ್ಟೇಟ್ ರಸ್ತೆಯ ಕೆಸರು ದಾಟಲು ಎಸ್‌ಯುವಿಗೆ ಲಿಫ್ಟ್ ಕಿಟ್, ದೊಡ್ಡ ಟೈರ್ ಹಾಕಿಸೋಣ ಅನ್ನೋರು ಎರಡು ವಿಷಯ ತಿಳಿದಿರಬೇಕು.

ಒಂದು, ಸುರಕ್ಷತೆ. ಗಾಡಿ ಎತ್ತರವಾದಷ್ಟೂ ಗುರುತ್ವ ಕೇಂದ್ರ ಮೇಲೇರುತ್ತೆ. ಚಾರ್ಮಾಡಿ ಘಾಟಿಯಂಥ ತಿರುವುಗಳಲ್ಲಿ ಮಗುಚುವ ಅಪಾಯ ಹೆಚ್ಚು. ಟೈರ್ ಸುತ್ತಳತೆ ಶೇ 10 ಹೆಚ್ಚಾದರೆ, ಮೀಟರ್ 60 ತೋರಿಸುವಾಗ ಗಾಡಿ ಓಡೋದು ಸುಮಾರು 66 ಕಿ.ಮೀ. ವೇಗದಲ್ಲಿ. ಬ್ರೇಕ್ ಮೇಲೂ ಹೊರೆ.

ಎರಡು, ಕಾನೂನು. ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 182ಎ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ ₹5,000 ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ.

ಕೆಸರಿನ ಹಿಡಿತಕ್ಕಷ್ಟೇ ಆದರೆ, ಕಂಪನಿ ಹೇಳಿದ ಅಳತೆಯಲ್ಲೇ ಆಲ್-ಟೆರೇನ್ ಟೈರ್ ಹಾಕಿಸಿದರೆ ಸಾಕು.